ಸಂತ ಥಾಮಸ್ ಮೋರ್ : ಎಲ್ಲರೂ ರುಜು ಹಾಕಿದರು, ಇವರು ಹಾಕಲಿಲ್ಲ

ಇಂಗ್ಲೆಂಡ್ ದೇಶದ ಲಂಡನ್ ಪಟ್ಟಣದಲ್ಲಿ ಮಿಲ್ಕ್ ಸ್ಟ್ರೀಟ್ ಎಂಬ ಬೀದಿ ಇದೆ. ಹಾಲಿನ ಬೀದಿ ಅಂತ ಅರ್ಥ. ಸಂತ ಥಾಮಸ್ ಮೋರ್ ಅವರು ಹುಟ್ಟಿದ್ದು ಆ ಬೀದಿಯಲ್ಲಿ, 1478ರ ಫೆಬ್ರವರಿ ತಿಂಗಳಲ್ಲಿ ಎಂದು ಹೆಚ್ಚಿನವರ ಲೆಕ್ಕ. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಬಡತನದ ಮನೆ ಅಲ್ಲ, ಹಾಗಂತ ದೊಡ್ಡ ಜಮೀನ್ದಾರರ ಮನೆಯೂ ಅಲ್ಲ.

ಸಂತರು ಅಂದ ಕೂಡಲೆ ಮಠ, ಗುಹೆ, ಕಾವಿ ಬಟ್ಟೆ ಕಣ್ಣಿಗೆ ಬರುತ್ತದೆ. ಥಾಮಸ್ ಮೋರ್ ಅವರು ಗುರುಗಳೂ ಅಲ್ಲ, ಸನ್ಯಾಸಿಯೂ ಅಲ್ಲ. ಎರಡು ಸಲ ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಕೋರ್ಟು ಕಚೇರಿ ತಿರುಗಿ, ಸರ್ಕಾರದ ಸಂಬಳ ತೆಗೆದುಕೊಂಡ ಸಂಸಾರಸ್ಥರು. ಹೆಂಡತಿಯ ಹತ್ತಿರ ಬೈಸಿಕೊಂಡವರು. ಬೆಟ್ಟ ಹತ್ತಿ ಬರುವ ಭಕ್ತರಲ್ಲಿ ಹೆಚ್ಚಿನವರು ಸಂಸಾರದ ಮಂದಿಯೇ ಆದ್ದರಿಂದ ಇವರ ಜೀವನ ತಿಳಿಯಬೇಕಾದದ್ದು.

ಬಾಲಕ ಥಾಮಸ್‌ಗೆ ಹನ್ನೆರಡು ವರ್ಷ ಆಗುವ ಹೊತ್ತಿಗೆ ತಂದೆಯವರು ಅವನನ್ನು ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರಾದ ಜಾನ್ ಮಾರ್ಟನ್ ಅವರ ಮನೆಯಲ್ಲಿ ಊಳಿಗಕ್ಕೆ ಬಿಟ್ಟರು. ದೊಡ್ಡವರ ಪಂಕ್ತಿಯಲ್ಲಿ ಬಡಿಸುತ್ತಾ ರೀತಿನೀತಿ ಕಲಿಯುವುದು ಆಗಿನ ಪದ್ಧತಿ. ಕ್ರಿಸ್ಮಸ್ ಕಾಲದಲ್ಲಿ ಅಲ್ಲಿ ನಾಟಕ ಆಡುತ್ತಿದ್ದರು. ಆಟಗಾರರ ಮಧ್ಯೆ ಈ ಹುಡುಗ ನುಗ್ಗಿ, ಯಾರೂ ಬರೆದುಕೊಡದ ಮಾತನ್ನು ತಾನೇ ಕಟ್ಟಿ ಆಡಿ ಎಲ್ಲರನ್ನೂ ನಗಿಸಿಬಿಡುತ್ತಿದ್ದ. ಈ ನಗಿಸುವ ಗುಣ ಕೊನೆಯ ದಿನದವರೆಗೂ ಅವರನ್ನು ಬಿಡಲಿಲ್ಲ. ಆ ಮಹಾಧರ್ಮಾಧ್ಯಕ್ಷರ ಅರಮನೆ ಇದ್ದದ್ದು ಥೇಮ್ಸ್ ನದಿಯ ದಡದ ಲ್ಯಾಂಬೆತ್‌ನಲ್ಲಿ. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಆಕ್ಸ್‌ಫರ್ಡ್‌ನಲ್ಲಿ ಎರಡು ವರ್ಷ ಓದಿದ ಮೇಲೆ ತಂದೆಯ ಇಷ್ಟದಂತೆ ಕಾನೂನು ಹಿಡಿದರು. ಆದರೆ ಮನಸ್ಸು ದೇವರ ಕಡೆ. ಲಂಡನ್‌ನ ಕಾರ್ತೂಸಿಯನ್ ಸನ್ಯಾಸಿಗಳ ಮಠದ ಹತ್ತಿರ ಸುಮಾರು ನಾಲ್ಕು ವರ್ಷ ಇದ್ದು ಅವರ ಜಪತಪಗಳಲ್ಲಿ ಸೇರಿಕೊಂಡರು. ಮಠಕ್ಕೆ ಸೇರುವುದೋ ಬೇಡವೋ ಎಂದು ತೂಗಿ ನೋಡಿ, ಹೆಸರಿಗೆ ಮಾತ್ರ ಸನ್ಯಾಸಿಯಾಗಿ ಒಳಗೊಳಗೆ ಬೇರೆ ಬಯಸುವುದಕ್ಕಿಂತ ಒಳ್ಳೆಯ ಗೃಹಸ್ಥನಾಗುವುದೇ ಸರಿ ಅಂತ ತೀರ್ಮಾನಿಸಿದರು. 1505ರಲ್ಲಿ ಜೇನ್ ಕೋಲ್ಟ್ ಅವರನ್ನು ಮದುವೆಯಾದರು. ಇದಕ್ಕೂ ಒಂದು ಕತೆ ಉಂಟು. ಅವರಿಗೆ ಹಿಡಿಸಿದ್ದು ಆ ಮನೆಯ ಎರಡನೇ ಹುಡುಗಿ. ತಂಗಿಗೆ ಮೊದಲು ಮದುವೆಯಾದರೆ ಅಕ್ಕನಿಗೆ ಅವಮಾನ ಆಗುತ್ತದಲ್ಲ ಎಂದು ಮರುಗಿ ದೊಡ್ಡವಳನ್ನೇ ಕೈಹಿಡಿದರಂತೆ. ಮಾರ್ಗರೆಟ್, ಎಲಿಜಬೆತ್, ಸಿಸಿಲಿ, ಜಾನ್ ಎಂಬ ನಾಲ್ಕು ಮಕ್ಕಳಾದವು. 1511ರಲ್ಲಿ ಜೇನ್ ತೀರಿಕೊಂಡರು. ಮಕ್ಕಳು ಇನ್ನೂ ಚಿಕ್ಕವು. ಹೆಚ್ಚು ದಿನ ತಡಮಾಡದೆ ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಆಕೆ ಇವರಿಗಿಂತ ವಯಸ್ಸಿನಲ್ಲಿ ಹಿರಿಯರು, ಬಾಯಿ ಜೋರು, ಮನೆ ನಡೆಸುವುದರಲ್ಲಿ ಗಟ್ಟಿಗಿತ್ತಿ.

ಹೆಣ್ಣುಮಕ್ಕಳಿಗೆ ಓದು ಯಾಕೆ ಅನ್ನುತ್ತಿದ್ದ ಕಾಲದಲ್ಲಿ ಇವರು ಮಗನಿಗೆ ಕಲಿಸಿದ್ದನ್ನೆಲ್ಲಾ ಹೆಣ್ಣುಮಕ್ಕಳಿಗೂ ಕಲಿಸಿದರು. ಲ್ಯಾಟಿನ್, ಗ್ರೀಕ್ ಎರಡರಲ್ಲೂ ಹಿರಿಮಗಳು ಮಾರ್ಗರೆಟ್ ದೊಡ್ಡ ಪಂಡಿತೆಯಾದಳು. 1516ರಲ್ಲಿ ಇವರು ಬರೆದ ಯುಟೋಪಿಯಾ ಪುಸ್ತಕ ಅಚ್ಚಾಗಿ ಯೂರೋಪಿನಲ್ಲೆಲ್ಲಾ ಹೆಸರು ಬಂತು. ಎರಾಸ್ಮಸ್‌ನಂಥ ಮಹಾವಿದ್ವಾಂಸರು ಇವರ ಮನೆಯಲ್ಲಿ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು.

ಒಳಗಿನ ಅಂಗಿ

ಎಂಟನೇ ಹೆನ್ರಿ ರಾಜನ ಸೇವೆಗೆ ಸೇರಿದ ಮೇಲೆ ಇವರ ಏಳಿಗೆ ಮೆಟ್ಟಿಲು ಹತ್ತಿದ ಹಾಗೆ ಆಯಿತು. 1521ರಲ್ಲಿ ಸರ್ ಪದವಿ, 1523ರಲ್ಲಿ ಪಾರ್ಲಿಮೆಂಟಿನ ಸ್ಪೀಕರ್, 1529ರಲ್ಲಿ ಲಾರ್ಡ್ ಚಾನ್ಸಲರ್. ರಾಜನನ್ನು ಬಿಟ್ಟರೆ ದೇಶಕ್ಕೆ ಇವರೇ ಅನ್ನುವಷ್ಟು ದೊಡ್ಡ ಹುದ್ದೆ ಅದು.

ಮೇಲೆ ರೇಷ್ಮೆ ಮಖಮಲ್ಲು, ಕೊರಳಲ್ಲಿ ಚಿನ್ನದ ಸರ. ಒಳಗೆ ಮಾತ್ರ ಮೈಗೆ ಚುಚ್ಚುವ ಒರಟು ಕೂದಲಿನ ಅಂಗಿ. ದೇಹ ಮೆರೆಯಬಾರದು ಅಂತ ಬಹಳ ವರ್ಷದಿಂದ ಅದನ್ನು ತೊಡುತ್ತಿದ್ದರು. ಈ ಸಂಗತಿ ಗೊತ್ತಿದ್ದದ್ದು ಮಗಳು ಮಾರ್ಗರೆಟ್‌ಗೆ. ಅದನ್ನು ಗುಟ್ಟಾಗಿ ಒಗೆದು ಕೊಡುತ್ತಿದ್ದವಳು ಅವಳೇ. ಒಂದು ಬೇಸಿಗೆ ರಾತ್ರಿ ಸೆಕೆಯೆಂದು ಕಾಲರ್ ಇಲ್ಲದೆ ಊಟಕ್ಕೆ ಕೂತಾಗ ಆ ಒರಟು ಅಂಗಿಯ ಅಂಚು ಹೊರಗೆ ಕಂಡು ಮನೆಯ ಕಿರಿಯ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಮಾರ್ಗರೆಟ್ ತಂದೆಗೆ ಮೆಲ್ಲನೆ ಸೂಚನೆ ಕೊಟ್ಟಳು. ಅವರು ನಾಚಿ ಸರಿಮಾಡಿಕೊಂಡರು. ತಪಸ್ಸು ಕಾಣಿಸಿಕೊಂಡಿತಲ್ಲ ಅಂತ ನಾಚಿಕೆ! ನೋಡುವವರು ಇದ್ದಾಗ ಮಂಡಿಯೂರಿ, ಇಲ್ಲದಾಗ ಎದ್ದು ಮೈಮುರಿಯುವ ಭಕ್ತಿ ಎಲ್ಲ ಕಾಲದಲ್ಲೂ ಇದ್ದದ್ದೇ. ಫರಿಸಾಯರ ಬಗ್ಗೆ ಯೇಸುಸ್ವಾಮಿ ಅಷ್ಟು ಕಟುವಾಗಿ ಮಾತಾಡಿದ್ದು ಅದಕ್ಕೇ. ಮೋರ್ ಅವರ ಮನೆಯಲ್ಲಿ ಅದು ತಿರುಗುಮುರುಗು. ಹೊರಗೆ ನಗು ತಮಾಷೆ, ಒಳಗೆ ತಪಸ್ಸು.

ಹಾಗಂತ ಭಕ್ತಿಯನ್ನು ಮುಚ್ಚಿಟ್ಟು ದೊಡ್ಡಸ್ತಿಕೆ ತೋರಿಸಿದವರೂ ಅಲ್ಲ. ಚೆಲ್ಸಿ ಎಂಬ ಊರಿನ ದೇವಾಲಯದಲ್ಲಿ ಚಾನ್ಸಲರ್ ಆಗಿದ್ದಾಗಲೂ ಬಿಳಿ ಮೇಲಂಗಿ ತೊಟ್ಟು ಗಾನವೃಂದದವರ ಜೊತೆ ನಿಂತು ಹಾಡುತ್ತಿದ್ದರು. ಒಂದು ದಿನ ನಾರ್ಫೋಕ್ ಡ್ಯೂಕ್ ಊಟಕ್ಕೆ ಬಂದವನು ಇದನ್ನು ಕಂಡು ದಂಗಾದ. ದೇಶದ ಚಾನ್ಸಲರ್ ಹೋಗಿ ಗುಡಿಯ ಗುಮಾಸ್ತನಾಗುವುದೇ, ರಾಜರಿಗೂ ಅವರ ಹುದ್ದೆಗೂ ಇದು ಅವಮಾನ ಎಂದು ದಾರಿಯುದ್ದಕ್ಕೂ ಆಡಿದ. ತನ್ನ ಒಡೆಯರ ಒಡೆಯನಾದ ದೇವರ ಸೇವೆ ಮಾಡಿದ್ದಕ್ಕೆ ರಾಜರು ಕೋಪಿಸಿಕೊಳ್ಳಲಾರರು ಎಂದು ಮೋರ್ ನಗುತ್ತಲೇ ಹೇಳಿದರು. ದೇವಾಲಯದ ಗುಮಾಸ್ತನ ಕೆಲಸಕ್ಕೆ ಇಷ್ಟು ದೊಡ್ಡ ಮರ್ಯಾದೆ ಕೊಟ್ಟವರು ವಿರಳ.

ಕೋರ್ಟಿನಲ್ಲೂ ಅಷ್ಟೇ. ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಯಸ್ಸಾದ ತಂದೆ ನ್ಯಾಯಪೀಠದಲ್ಲಿ ಕುಳಿತಿದ್ದರೆ, ದೇಶಕ್ಕೇ ದೊಡ್ಡವರಾದ ಮಗ ಹೋಗಿ ಎಲ್ಲರೆದುರು ಮಂಡಿಯೂರಿ ಆಶೀರ್ವಾದ ಬೇಡಿ ಆಮೇಲೆ ತಮ್ಮ ಪೀಠಕ್ಕೆ ಹೋಗುತ್ತಿದ್ದರು. ಕೇಸು ಗೆದ್ದ ವಿಧವೆಯೊಬ್ಬಳು ಹೊಸವರ್ಷದ ಕಾಣಿಕೆಯೆಂದು ಒಂದು ಜೊತೆ ಕೈಗವಸು ತಂದುಕೊಟ್ಟಳು. ಒಳಗೆ ನಲವತ್ತು ಪೌಂಡು ಚಿನ್ನದ ನಾಣ್ಯ! ಹೆಣ್ಣುಮಗಳು ಕೊಟ್ಟದ್ದನ್ನು ಬೇಡವೆನ್ನಬಾರದು ಅಂತ ಕೈಗವಸು ಇಟ್ಟುಕೊಂಡು, ನಾಣ್ಯವನ್ನು ಅಲ್ಲೇ ಸುರಿದು ವಾಪಸು ಕೊಟ್ಟರು. ಹಿಂದಿನ ಚಾನ್ಸಲರರ ಕಾಲದಲ್ಲಿ ಬಾಗಿಲು ಕಾಯುವವನೂ ದುಡ್ಡು ಮಾಡುತ್ತಿದ್ದ, ತಾನು ಅಳಿಯನಾಗಿಯೂ ಏನೂ ಗಿಟ್ಟಲಿಲ್ಲ ಅಂತ ಒಬ್ಬ ಅಳಿಯ ಗೊಣಗಿದ. ಒಂದು ಕಡೆ ತಂದೆ, ಇನ್ನೊಂದು ಕಡೆ ಸೈತಾನ ನಿಂತಿದ್ದು, ನ್ಯಾಯ ಸೈತಾನನ ಕಡೆ ಇದ್ದರೆ ಅವನಿಗೇ ತೀರ್ಪು ಕೊಡುವೆ ಎಂಬ ಉತ್ತರ ಬಂತು. ಇನ್ನೊಬ್ಬ ಅಳಿಯ ಮಾವನ ಧೈರ್ಯದ ಮೇಲೆ ಕೇಸು ನಡೆಸಿ ಸೋತೇಹೋದ.

ಇಲ್ಲಿ ಒಂದು ಮಾತು ಮರೆಮಾಚದೆ ಹೇಳಬೇಕು. ಅವರು ಚಾನ್ಸಲರ್ ಆಗಿದ್ದ ಎರಡೂವರೆ ವರ್ಷದಲ್ಲಿ ಪಾಷಂಡಿಗಳೆಂದು ತೀರ್ಪಾಗಿ ಆರು ಜನರನ್ನು ಸುಟ್ಟರು. ಅದನ್ನು ಮೋರ್ ತಪ್ಪೆಂದು ತಿಳಿಯಲಿಲ್ಲ, ಸರಿಯೆಂದೇ ಬರೆದರು. ಬೇರೆಯವರ ಮನಸ್ಸಾಕ್ಷಿಗೆ ಕೊಡದ ಜಾಗವನ್ನು ಅವರು ಮುಂದೆ ತಮ್ಮ ಮನಸ್ಸಾಕ್ಷಿಗೆ ಕೇಳಬೇಕಾಗಿ ಬಂತು. ಆ ಕಾಲದ ಕೊರತೆ ಅವರಲ್ಲೂ ಇತ್ತು ಎಂದು 2000ದಲ್ಲಿ ಜಗದ್ಗುರು ಎರಡನೇ ಜಾನ್ ಪೌಲರೂ ಒಪ್ಪಿ ಬರೆದಿದ್ದಾರೆ. ಸಂತರೆಂದರೆ ತಪ್ಪೇ ಇಲ್ಲದವರು ಅಂತ ತಿಳಿಯಬಾರದು.

ರಾಜನ ಮದುವೆ

ಹೆನ್ರಿ ರಾಜ 1509ರಲ್ಲಿ ತೀರಿಹೋದ ಅಣ್ಣನ ಹೆಂಡತಿ ಕ್ಯಾಥರೀನ್‌ಳನ್ನು ಜಗದ್ಗುರುಗಳ ವಿಶೇಷ ಅಪ್ಪಣೆ ಪಡೆದು ಮದುವೆಯಾಗಿದ್ದ. ಹುಟ್ಟಿದ ಮಕ್ಕಳಲ್ಲಿ ಉಳಿದದ್ದು ಮೇರಿ ಎಂಬ ಒಂದು ಹೆಣ್ಣು. ಗಂಡು ಸಂತಾನ ಬೇಕು, ಜೊತೆಗೆ ಆನ್ ಬೊಲಿನ್ ಎಂಬಾಕೆಯ ಮೇಲೆ ಮೋಹ. ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೆ 1527ರಲ್ಲಿ ಆ ಮದುವೆ ಮದುವೆಯೇ ಅಲ್ಲವೆಂದು ಜಗದ್ಗುರುಗಳು ಸಾರಬೇಕು ಅಂತ ಹಟ ಹಿಡಿದ. ರೋಮ್ ಒಪ್ಪಲಿಲ್ಲ. ಒಪ್ಪದಿದ್ದರೆ ಇಂಗ್ಲೆಂಡಿನ ಧರ್ಮಸಭೆಗೆ ತಾನೇ ಶಿರಸ್ಸು ಎಂದು ಹೊರಟ.

ಮೋರ್ ಅವರಿಗೆ ರಾಜ ಎಂಥವನೆಂದು ಮೊದಲೇ ಗೊತ್ತಿತ್ತು. ಒಂದು ಸಲ ಚೆಲ್ಸಿಯ ಮನೆಗೆ ಹೇಳದೆ ಕೇಳದೆ ಊಟಕ್ಕೆ ಬಂದ ರಾಜ, ತೋಟದಲ್ಲಿ ಒಂದು ಗಂಟೆ ಕಾಲ ಇವರ ಹೆಗಲ ಮೇಲೆ ಕೈಹಾಕಿಕೊಂಡು ಓಡಾಡಿದ. ಅಳಿಯ ವಿಲಿಯಂ ರೋಪರ್‌ಗೆ ಆನಂದವೋ ಆನಂದ. ಈ ತಲೆ ಕೊಟ್ಟರೆ ಫ್ರಾನ್ಸಿನಲ್ಲಿ ಒಂದು ಕೋಟೆ ಸಿಗುವುದಾದರೆ ತಲೆ ಹೋಗುವುದು ಖಂಡಿತ ಎಂದು ಮಾವ ಅವನ ಉತ್ಸಾಹಕ್ಕೆ ತಣ್ಣೀರು ಹಾಕಿದರು.

1532ರ ಮೇ 15ರಂದು ಧರ್ಮಾಧ್ಯಕ್ಷರ ಸಭೆ ರಾಜನಿಗೆ ಶರಣಾಯಿತು. ಮಾರನೆಯ ದಿನವೇ ಮೋರ್ ಹೋಗಿ ರಾಜಮುದ್ರೆಯನ್ನು ರಾಜನ ಕೈಗೆ ಒಪ್ಪಿಸಿ ರಾಜೀನಾಮೆ ಕೊಟ್ಟರು. ಜಗಳವಾಡಲಿಲ್ಲ, ಭಾಷಣ ಮಾಡಲಿಲ್ಲ. ಹೆಂಡತಿಗೆ ತಿಳಿಸಿದ ರೀತಿ ನೋಡಬೇಕು. ಪೂಜೆ ಮುಗಿದ ಮೇಲೆ ಸೇವಕನೊಬ್ಬ ಆಲಿಸಮ್ಮನವರ ಬೆಂಚಿನ ಹತ್ತಿರ ಬಂದು ಸಾಹೇಬರು ಹೊರಟರು ಎಂದು ಹೇಳುವುದು ವಾಡಿಕೆ. ಆ ದಿನ ಮೋರ್ ತಾವೇ ಟೋಪಿ ತೆಗೆದು ಬಗ್ಗಿ ನಿಂತು ಸಾಹೇಬರು ಹೊರಟುಹೋದರು ಎಂದರು. ಎಂದಿನ ತಮಾಷೆ ಅಂದುಕೊಂಡ ಆಕೆಗೆ ನಿಜ ತಿಳಿದಾಗ ನಗು ಬರಲಿಲ್ಲ.

ಆದಾಯ ನಿಂತಿತು. ಆಳುಕಾಳುಗಳಿಗೆ ಬೇರೆ ಕಡೆ ಕೆಲಸ ಕೊಡಿಸಿದರು. ಎಂಟು ಜನ ಹುಟ್ಟುಹಾಕುವ ದೋಣಿಯನ್ನು ಮುಂದಿನ ಚಾನ್ಸಲರರಿಗೆ ಬಿಟ್ಟುಕೊಟ್ಟರು. ಚಳಿಗಾಲದಲ್ಲಿ ಸೌದೆಗೆ ದುಡ್ಡಿಲ್ಲದೆ ಒಣಗಿದ ಜರಿಗಿಡದ ಹೊರೆ ಉರಿಸಿ ಮನೆಮಂದಿಯೆಲ್ಲಾ ಮೈ ಕಾಯಿಸಿಕೊಂಡು ಮಲಗುತ್ತಿದ್ದರಂತೆ.

1533ರ ಜೂನ್ 1ರಂದು ಆನ್ ಬೊಲಿನ್‌ಳಿಗೆ ಪಟ್ಟಾಭಿಷೇಕ. ಮೂವರು ಧರ್ಮಾಧ್ಯಕ್ಷರು ಸೇರಿ ಮೋರ್ ಅವರಿಗೆ ಇಪ್ಪತ್ತು ಪೌಂಡು ಕಳಿಸಿ, ಹೊಸ ನಿಲುವಂಗಿ ಹೊಲಿಸಿಕೊಂಡು ತಮ್ಮ ಜೊತೆ ಬನ್ನಿ ಎಂದು ಬರೆದರು. ಅವರೇನೂ ಕೆಟ್ಟವರಲ್ಲ, ಸ್ನೇಹದಿಂದಲೇ ಬರೆದರು. ಒಬ್ಬರೇ ದೂರ ನಿಂತರೆ ರಾಜನ ಕಣ್ಣಿಗೆ ಬೀಳುತ್ತಾರಲ್ಲ ಅನ್ನುವ ಕಾಳಜಿ. ಇವರು ದುಡ್ಡು ಇಟ್ಟುಕೊಂಡರು, ಮೆರವಣಿಗೆಗೆ ಹೋಗಲಿಲ್ಲ. ನೀವು ಕೇಳಿದ್ದು ಎರಡು, ಒಂದನ್ನು ನಡೆಸಿಕೊಟ್ಟೆ, ಇನ್ನೊಂದಕ್ಕೆ ಕ್ಷಮಿಸಿ ಎಂದು ಹಾಸ್ಯ ಮಾಡಿ, ಆಮೇಲೆ ಗಂಭೀರವಾಗಿ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಮೊದಲು ಮೆರವಣಿಗೆಗೆ ಕರೆಯುತ್ತಾರೆ, ಆಮೇಲೆ ಅದರ ಪರವಾಗಿ ಬೋಧಿಸಿ ಅನ್ನುತ್ತಾರೆ, ಆಮೇಲೆ ಬರೆಯಿರಿ ಅನ್ನುತ್ತಾರೆ. ಮಾನ ಹೋದ ಮೇಲೆ ನುಂಗಿಯೂ ಬಿಡುತ್ತಾರೆ. ತನ್ನನ್ನು ನುಂಗಿದರೆ ನುಂಗಲಿ, ಮಾನ ಮಾತ್ರ ಕೊಡುವುದಿಲ್ಲ ಎಂಬುದು ಅದರ ತಾತ್ಪರ್ಯ.

ಲ್ಯಾಂಬೆತ್ ಅರಮನೆಯ ಆ ದಿನ

1534ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಆನ್ ಹೆತ್ತ ಮಕ್ಕಳೇ ಸಿಂಹಾಸನಕ್ಕೆ ಹಕ್ಕುದಾರರು, ಕ್ಯಾಥರೀನ್‌ಳ ಮದುವೆ ಅಸಿಂಧು ಎಂದು ಎಲ್ಲರೂ ಪ್ರಮಾಣ ಮಾಡಬೇಕು. ಜಗದ್ಗುರುಗಳ ಅಧಿಕಾರವನ್ನು ತಳ್ಳಿಹಾಕುವುದೂ ಆ ಪ್ರಮಾಣದೊಳಗೆ ಸೇರಿತ್ತು.

ಏಪ್ರಿಲ್ 13ರಂದು ಲ್ಯಾಂಬೆತ್ ಅರಮನೆಗೆ ಬರಬೇಕೆಂದು ಮೋರ್ ಅವರಿಗೆ ಕರೆ ಬಂತು. ಬೆಳಿಗ್ಗೆ ದೇವಾಲಯಕ್ಕೆ ಹೋಗಿ ಪಾಪನಿವೇದನೆ ಮಾಡಿ ಬಲಿಪೂಜೆಯಲ್ಲಿ ಭಾಗವಹಿಸಿದರು. ದಿನಾ ಹೆಂಡತಿ ಮಕ್ಕಳು ದೋಣಿಯವರೆಗೆ ಬಂದು ಬೀಳ್ಕೊಡುತ್ತಿದ್ದರು. ಅಂದು ಯಾರನ್ನೂ ಬರಗೊಡದೆ ಗೇಟು ಎಳೆದುಕೊಂಡು ಹೊರಟರು. ಜೊತೆಗೆ ಅಳಿಯ ರೋಪರ್. ದೋಣಿಯಲ್ಲಿ ಬಹಳ ಹೊತ್ತು ಮಾತಿಲ್ಲ. ಕಡೆಗೆ ರೋಪರ್‌ನ ಕಿವಿಯಲ್ಲಿ, ದೇವರ ದಯೆಯಿಂದ ಯುದ್ಧ ಗೆದ್ದಾಯಿತು ಎಂದು ಉಸುರಿದರು. ರೋಪರ್‌ಗೆ ಅರ್ಥವಾಗಲಿಲ್ಲ. ಅವರು ಗೆದ್ದದ್ದು ಮನೆಯ ಗೇಟು ಹಾಕುವಾಗಿನ ಯುದ್ಧ ಅಂತ ಅವನಿಗೆ ಆಮೇಲೆ ಹೊಳೆಯಿತು.

ಲಂಡನ್ನಿನ ಗುರುಗಳೆಲ್ಲಾ ಅಲ್ಲಿ ಸೇರಿದ್ದರು. ಗುರುಗಳಲ್ಲದವರು ಇವರೊಬ್ಬರೇ. ಮಹಾಧರ್ಮಾಧ್ಯಕ್ಷ ಕ್ರ್ಯಾನ್ಮರ್, ಚಾನ್ಸಲರ್ ಆಡ್ಲಿ, ರಾಜನ ಕಾರ್ಯದರ್ಶಿ ಕ್ರಾಮ್‌ವೆಲ್, ವೆಸ್ಟ್‌ಮಿನ್‌ಸ್ಟರ್ ಮಠಾಧಿಪತಿ, ಈ ನಾಲ್ವರು ಕೂತಿದ್ದರು. ಕಾಯಿದೆ ಕೊಡಿ, ಪ್ರಮಾಣಪತ್ರ ಕೊಡಿ ಎಂದು ಎರಡನ್ನೂ ಇಸಕೊಂಡು ಮೋರ್ ವಕೀಲರ ಕಣ್ಣಿನಿಂದ ಓದಿದರು. ಸಿಂಹಾಸನಕ್ಕೆ ಯಾರು ವಾರಸುದಾರರು ಎಂಬುದಕ್ಕೆ ಪ್ರಮಾಣ ಮಾಡಲು ತಮ್ಮದೇನೂ ಅಡ್ಡಿಯಿಲ್ಲ, ಆದರೆ ಇಲ್ಲಿ ಬರೆದಿರುವ ರೀತಿಯಲ್ಲಿ ಪ್ರಮಾಣ ಮಾಡಿದರೆ ಆತ್ಮಕ್ಕೆ ಕೇಡು, ಮಾಡಿದವರನ್ನು ತಾನು ದೂರುವುದೂ ಇಲ್ಲ ಎಂದು ಹೇಳಿದರು. ಆಗ ರುಜು ಹಾಕಿದವರ ಉದ್ದನೆಯ ಪಟ್ಟಿ ತೆಗೆದು ತೋರಿಸಿದರು. ಪಾರ್ಲಿಮೆಂಟಿನ ದೊಡ್ಡವರು, ಚಿಕ್ಕವರು, ಎಲ್ಲರ ಹೆಸರೂ ಇತ್ತು. ಒಬ್ಬರನ್ನು ಬಗ್ಗಿಸುವುದಕ್ಕೆ ಬೆದರಿಕೆಗಿಂತ ಇಂಥ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ.

ಸ್ವಲ್ಪ ಹೊತ್ತು ಹೊರಗಿದ್ದು ಯೋಚಿಸಿ ಅಂತ ಕಳಿಸಿದರು. ಸೆಕೆಗೆ ತೋಟಕ್ಕೆ ಇಳಿಯದೆ ಮೋರ್ ಒಂದು ಹಳೆಯ ಸುಟ್ಟ ಕೋಣೆಯಲ್ಲಿ ಕಿಟಕಿಯ ಹತ್ತಿರ ಉಳಿದರು. ಅಲ್ಲಿಂದ ಕೆಳಗಿನದೆಲ್ಲಾ ಕಾಣಿಸುತ್ತಿತ್ತು. ಗುರುಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಪ್ರಮಾಣ ಮಾಡಿ ಬರುತ್ತಿದ್ದರು. ತಡವೂ ಇಲ್ಲ, ತಕರಾರೂ ಇಲ್ಲ. ತೋಟದಲ್ಲಿ ಲ್ಯಾಟಿಮರ್ ಎಂಬ ಪಂಡಿತರು ಸಂಗಡಿಗರ ಹೆಗಲ ಮೇಲೆ ಕೈಹಾಕಿ ನಗುತ್ತಾ ಆಡುತ್ತಿದ್ದರು. ಕ್ರಾಯ್ಡನ್ ಊರಿನ ಪಾದ್ರಿಗಳು ಪ್ರಮಾಣ ಮುಗಿಸಿ ಬಂದವರೇ ಅರಮನೆಯ ಉಗ್ರಾಣದ ಕಟ್ಟೆಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ಕುಡಿಯುವುದಕ್ಕೆ ತನ್ನಿ ಎಂದು ಕೇಳಿ ಕುಡಿದರು. ಒಬ್ಬ ವಿಲ್ಸನ್ ಎಂಬ ಗುರುಗಳನ್ನು ಮಾತ್ರ ಪ್ರಮಾಣ ಮಾಡದಿದ್ದಕ್ಕೆ ಸೆರೆಮನೆಗೆ ನಡೆಸಿಕೊಂಡು ಹೋದರು. ಮೋರ್ ಇದನ್ನೆಲ್ಲಾ ಮಗಳಿಗೆ ಬರೆದ ಕಾಗದದಲ್ಲಿ ವಿವರಿಸಿದ್ದಾರೆ. ಕಹಿಯಿಲ್ಲದೆ, ಸ್ವಲ್ಪ ತಮಾಷೆಯಾಗಿಯೇ ಬರೆದಿದ್ದಾರೆ. ಓದುವವರಿಗೆ ಮಾತ್ರ ಆ ಕಿಟಕಿಯ ಹತ್ತಿರ ನಿಂತ ಒಂಟಿ ಮನುಷ್ಯ ಕಣ್ಣಿಗೆ ಕಟ್ಟುತ್ತಾರೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತ ಜನ ಆಡಿಕೊಳ್ಳುವುದು ಇಂಥವರನ್ನೇ. ಹುಡುಗನಾಗಿದ್ದಾಗ ನಾಟಕದಲ್ಲಿ ನುಗ್ಗಿ ಎಲ್ಲರನ್ನೂ ನಗಿಸಿದ ಅದೇ ಮಹಾಧರ್ಮಾಧ್ಯಕ್ಷರ ಅರಮನೆ ಅದು.

ಮತ್ತೆ ಒಳಗೆ ಕರೆದರು. ಕ್ರ್ಯಾನ್ಮರ್ ಜಾಣತನದ ಒಂದು ವಾದ ಹೂಡಿದರು. ಪ್ರಮಾಣ ಮಾಡಿದವರನ್ನು ತಪ್ಪಿತಸ್ಥರು ಅನ್ನುವುದಿಲ್ಲವಾದರೆ ನಿಮಗೇ ಅದು ಸಂಶಯದ ವಿಷಯ ಅಂತಾಯಿತು, ರಾಜನ ಮಾತು ಕೇಳಬೇಕೆಂಬುದು ಮಾತ್ರ ನಿಸ್ಸಂಶಯ, ಆದ್ದರಿಂದ ಸಂಶಯದ್ದನ್ನು ಬಿಟ್ಟು ನಿಸ್ಸಂಶಯದ್ದನ್ನು ಹಿಡಿಯಿರಿ ಎಂದು. ಮೋರ್ ಅವರಿಗೂ ಒಂದು ಕ್ಷಣ ಉತ್ತರ ಹೊಳೆಯಲಿಲ್ಲವಂತೆ. ಮನಸ್ಸಾಕ್ಷಿ ಬೇಡ ಅನ್ನುವಾಗ ಆ ವಾದ ನಿಲ್ಲದು ಎಂದರು. ಮಠಾಧಿಪತಿಗಳು, ಇಡೀ ದೇಶದ ಸಭೆ ಒಂದು ಕಡೆ ಇರುವಾಗ ನೀವೊಬ್ಬರೇ ಬೇರೆ ಎಣಿಸುವುದು ಸರಿಯೇ ಎಂದರು. ಒಂದು ದೇಶದ ಸಭೆಯ ಎದುರಿಗೆ ಇಡೀ ಕ್ರೈಸ್ತ ಜಗತ್ತಿನ ಸಭೆ ತನ್ನ ಕಡೆಗಿದೆ ಎಂದು ಇವರ ಉತ್ತರ. ಅಲ್ಲಿಗೆ ಮಾತು ನಿಂತಿತು. ನಾಲ್ಕು ದಿನದ ಮೇಲೆ, ಏಪ್ರಿಲ್ 17ರಂದು, ಟವರ್ ಸೆರೆಮನೆ.

ಧರ್ಮಾಧ್ಯಕ್ಷರಲ್ಲಿ ಪ್ರಮಾಣ ಮಾಡದೆ ಉಳಿದು ಪ್ರಾಣ ಕೊಟ್ಟವರು ರೋಚೆಸ್ಟರ್‌ನ ವೃದ್ಧ ಜಾನ್ ಫಿಶರ್ ಒಬ್ಬರೇ. ಮಿಕ್ಕವರಲ್ಲಿ ಪಂಡಿತರಿದ್ದರು, ಒಳ್ಳೆಯ ಬೋಧಕರಿದ್ದರು. ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಟ್ಟುಕೊಂಡವರೂ ಇದ್ದರು.

ಮಗಳು ಮಾರ್ಗರೆಟ್

ಸೆರೆಮನೆಗಿಂತ ಕಷ್ಟವಾದದ್ದು ಮನೆಯವರ ಕಣ್ಣೀರು. ಮನೆಯವರೆಲ್ಲಾ ಪ್ರಮಾಣ ಮಾಡಿದ್ದರು. ಮಾರ್ಗರೆಟ್ ಕೂಡ, ದೇವರ ಕಟ್ಟಳೆಗೆ ಒಪ್ಪುವಷ್ಟರ ಮಟ್ಟಿಗೆ ಎಂಬ ಮಾತು ಸೇರಿಸಿ ಪ್ರಮಾಣ ಮಾಡಿದಳು. ತಂದೆ ಅವಳನ್ನು ಒಂದು ಮಾತೂ ಆಡಲಿಲ್ಲ. ಆಲಿಸಮ್ಮ ಬಂದು, ಇಲಿ ಹೆಗ್ಗಣಗಳ ಮಧ್ಯೆ ಬಿದ್ದಿರುವುದೇಕೆ, ಎಲ್ಲ ಧರ್ಮಾಧ್ಯಕ್ಷರೂ ಪಂಡಿತರೂ ಮಾಡಿದ್ದನ್ನು ಮಾಡಿದರೆ ಚೆಲ್ಸಿಯ ಮನೆ, ತೋಟ, ಪುಸ್ತಕ ಎಲ್ಲಾ ಉಂಟಲ್ಲ ಎಂದು ಗದರಿದರು. ಈ ಮನೆಯೂ ಸ್ವರ್ಗಕ್ಕೆ ಅಷ್ಟೇ ಹತ್ತಿರವಲ್ಲವೇ ಎಂದು ಗಂಡ ಕೇಳಿದರೆ ಆಕೆಗೆ ರೇಗಿತು. ಆಕೆಯ ಕಷ್ಟವೂ ಕಷ್ಟವೇ. ಮುಂದೆ ಗಂಡನ ಸೆರೆಮನೆಯ ಊಟದ ಖರ್ಚಿಗೆ ತನ್ನ ಬಟ್ಟೆ ಮಾರಿದ ಹೆಂಗಸು.

1534ರ ಆಗಸ್ಟ್‌ನಲ್ಲಿ ಮಾರ್ಗರೆಟ್ ಬಂದು ತಂದೆಯ ಮನಸ್ಸು ತಿರುಗಿಸಲು ನೋಡಿದಳು. ಸೇಬು ತಿನ್ನೆಂದು ಆದಾಮನಿಗೆ ಕೊಟ್ಟ ಹವ್ವಳಂತೆ ಬಂದೆಯಾ ಎಂದು ತಂದೆ ನಕ್ಕರು. ಇಷ್ಟು ಜನ ಒಳ್ಳೆಯವರು ಮಾಡಿರುವಾಗ ನೀವೊಬ್ಬರೇ ಯಾಕೆ ಎಂಬುದೇ ಅವಳ ಪ್ರಶ್ನೆಯ ತಿರುಳು. ಅದಕ್ಕೆ ಅವರು ಒಂದು ಕತೆ ಹೇಳಿದರು.

ಲಂಡನ್ನಿನ ಜಾತ್ರೆಯಲ್ಲಿ ಒಂದು ವ್ಯಾಜ್ಯ. ಜಾತ್ರೆಯ ಕೋರ್ಟಿನಲ್ಲಿ ಹನ್ನೆರಡು ಜನರ ಜೂರಿ. ಹನ್ನೊಂದು ಮಂದಿ ಉತ್ತರದ ಸೀಮೆಯವರು, ವ್ಯಾಜ್ಯ ಹೂಡಿದವನೂ ಅವರ ಸೀಮೆಯವನೇ. ಹನ್ನೆರಡನೆಯವನು ಬೇರೆ ಸೀಮೆಯ ಒಬ್ಬ ಸಾದಾ ಪ್ರಾಮಾಣಿಕ ಮನುಷ್ಯ. ಅವನ ಹೆಸರು ಕಂಪನಿ. ಜೊತೆಗಾರ ಅಂತ ಅರ್ಥ. ಒಳಕೋಣೆಗೆ ಹೋದದ್ದೇ ತಡ, ಹನ್ನೊಂದು ಜನ ತಮ್ಮ ಸೀಮೆಯವನ ಕಡೆಗೆ ತೀರ್ಪು ಕೊಡೋಣ, ಬೇಗ ಮುಗಿಸಿ ಹೋಗೋಣ ಎಂದರು. ಕಂಪನಿ ಸುಮ್ಮನೆ ಕೂತಿದ್ದ. ಅವನು ಒಪ್ಪಿದನೆಂದೇ ತಿಳಿದು ಎದ್ದು ಹೊರಟರು. ಆಗ ಅವನು, ಸ್ವಲ್ಪ ನಿಲ್ಲಿ, ಇದನ್ನು ಮಾತಾಡಿ ನೋಡೋಣ, ನಿಮಗೆ ಯಾಕೆ ಹಾಗೆ ತೋರುತ್ತದೆಂದು ತಿಳಿದರೆ ನಾನೂ ಹಾಗೇ ಹೇಳಬಹುದು ಎಂದ. ಅವರಿಗೆ ಸಿಟ್ಟು ಬಂತು. ಹನ್ನೊಂದು ಜನ ಒಂದು ಕಡೆ, ನೀನೊಬ್ಬ ಇನ್ನೊಂದು ಕಡೆ. ಹೆಸರಿಗೆ ಜೊತೆಗಾರ, ಜೊತೆಗೆ ಬಾರದೆ ಆಟ ಕೆಡಿಸುತ್ತೀಯಾ, ಸ್ನೇಹಕ್ಕಾಗಿ ಬಾ ಎಂದು ಒತ್ತಾಯಿಸಿದರು. ಅದಕ್ಕೆ ಅವನು ಕೇಳಿದ್ದು ಇಷ್ಟು. ನಾಳೆ ಸತ್ತು ದೇವರೆದುರು ನಿಲ್ಲುತ್ತೇವೆ. ನೀವು ನಿಮ್ಮ ಮನಸ್ಸಾಕ್ಷಿಯಂತೆ ನಡೆದವರು, ಆದ್ದರಿಂದ ನಿಮ್ಮನ್ನು ಸ್ವರ್ಗಕ್ಕೆ ಕಳಿಸುತ್ತಾನೆ. ನಾನು ನಿಮ್ಮ ಸ್ನೇಹಕ್ಕಾಗಿ ನನ್ನ ಮನಸ್ಸಾಕ್ಷಿಗೆ ವಿರುದ್ಧ ನಡೆದವನು, ನನ್ನನ್ನು ನರಕಕ್ಕೆ ನೂಕುತ್ತಾನೆ. ಆಗ ನಾನು ತಿರುಗಿ, ಅಣ್ಣಂದಿರಾ, ಅಂದು ನಿಮ್ಮ ಜೊತೆಗೆ ನಾನು ಬಂದೆ, ಇಂದು ನನ್ನ ಜೊತೆಗೆ ನೀವು ಬನ್ನಿ ಅಂತ ಕರೆದರೆ ಬರುತ್ತೀರಾ? ಹನ್ನೊಂದು ಜನರಲ್ಲಿ ಒಬ್ಬನಾದರೂ ಬರುತ್ತೀರಾ?

ಕತೆ ಮುಗಿಸಿ ತಂದೆ, ತನ್ನ ಆತ್ಮವನ್ನು ಬೇರೊಬ್ಬರ ಬೆನ್ನಿಗೆ ಕಟ್ಟುವುದಿಲ್ಲ, ಬದುಕಿರುವ ಅತ್ಯುತ್ತಮ ಮನುಷ್ಯನ ಬೆನ್ನಿಗೂ ಕಟ್ಟುವುದಿಲ್ಲ, ಆತ ಅದನ್ನು ಎಲ್ಲಿಗೆ ಒಯ್ಯುತ್ತಾನೋ ಯಾರಿಗೆ ಗೊತ್ತು ಎಂದರು. ಮಾರ್ಗರೆಟ್ ಅಲ್ಲಿಗೆ ಸೋತಳು.

ಹಾಗಂತ ಅವರಿಗೆ ಭಯವಿರಲಿಲ್ಲವೆಂದಲ್ಲ. ನೋವೆಂದರೆ ತನಗೆ ಬಹಳ ಹೆದರಿಕೆ, ಪೇತ್ರನಂತೆ ಬಿದ್ದುಬಿಡುತ್ತೇನೋ ಎಂಬ ದಿಗಿಲೂ ಉಂಟು, ಬಿದ್ದರೂ ಯೇಸುಸ್ವಾಮಿ ಅವನನ್ನು ನೋಡಿದಂತೆ ತನ್ನನ್ನೂ ನೋಡಲಿ ಎಂದು ಮಗಳಿಗೆ ಬರೆದಿದ್ದಾರೆ.

ವಿಚಾರಣೆ, ಮರಣ

1535ರ ಮೇ 4ರಂದು ಕಾರ್ತೂಸಿಯನ್ ಸನ್ಯಾಸಿಗಳನ್ನು ಮರಣಕ್ಕೆ ಎಳೆದೊಯ್ಯುವುದನ್ನು ತಂದೆ ಮಗಳು ಸೆರೆಮನೆಯ ಕಿಟಕಿಯಿಂದಲೇ ಕಂಡರು. ಮದುವೆಗೆ ಹೋಗುವ ಮದುಮಕ್ಕಳಂತೆ ಎಷ್ಟು ಸಂತೋಷವಾಗಿ ಹೋಗುತ್ತಿದ್ದಾರೆ ನೋಡು ಎಂದರು ಮೋರ್. ಜೂನ್ 12ರಂದು ಅವರ ಪುಸ್ತಕ, ಕಾಗದಗಳನ್ನು ತೆಗೆದುಕೊಂಡು ಹೋಗಲು ಜನ ಬಂದರು. ಜೊತೆಗೆ ರಿಚರ್ಡ್ ರಿಚ್ ಎಂಬ ಸರ್ಕಾರಿ ವಕೀಲ. ಸ್ನೇಹದಿಂದೆಂಬಂತೆ ಮಾತು ತೆಗೆದ. ಕಾಗದವಿಲ್ಲವಾದ ಮೇಲೆ ಮೋರ್ ಇದ್ದಿಲಿನಲ್ಲಿ ಬರೆಯತೊಡಗಿದರು. ಜೂನ್ 22ರಂದು ಜಾನ್ ಫಿಶರ್ ಅವರ ತಲೆ ಕಡಿದರು.

ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಿಚಾರಣೆ. ಒಂದು ಕಾಲಕ್ಕೆ ತಂದೆಗೆ ಮಂಡಿಯೂರಿದ ಜಾಗ. ಈಗ ಕೋಲೂರಿಕೊಂಡು ಬಂದರು. ನ್ಯಾಯಾಧೀಶರ ಸಾಲಿನಲ್ಲಿ ಆನ್ ಬೊಲಿನ್‌ಳ ಅಪ್ಪ, ಅಣ್ಣತಮ್ಮ, ಮಾವ ಎಲ್ಲರೂ! ಮೋರ್ ಅಲ್ಲಿಯವರೆಗೆ ಬಾಯಿಬಿಟ್ಟು ರಾಜನ ಅಧಿಕಾರವನ್ನು ಅಲ್ಲಗಳೆದಿರಲಿಲ್ಲ. ಮೌನಕ್ಕೆ ಶಿಕ್ಷೆಯಿಲ್ಲವೆಂಬುದು ಅವರ ಕಾನೂನು. ಆಗ ರಿಚ್ ಎದ್ದು, ಸೆರೆಮನೆಯಲ್ಲಿ ತನ್ನ ಹತ್ತಿರ ಅಲ್ಲಗಳೆದು ಮಾತಾಡಿದರು ಎಂದು ಪ್ರಮಾಣ ಮಾಡಿ ಹೇಳಿದ. ಅಲ್ಲೇ ಇದ್ದ ಇನ್ನಿಬ್ಬರನ್ನು ಕೇಳಿದರೆ, ಪುಸ್ತಕವನ್ನು ಚೀಲಕ್ಕೆ ತುಂಬುವ ಗಡಿಬಿಡಿಯಲ್ಲಿದ್ದೆವು, ಮಾತಿಗೆ ಕಿವಿಗೊಡಲಿಲ್ಲ ಎಂದರು. ಸುಳ್ಳು ಹೇಳಲೂ ಆಗದೆ, ನಿಜಕ್ಕೆ ನಿಲ್ಲಲೂ ಆಗದೆ ನುಣುಚಿಕೊಂಡರು. ಕಾಲು ಗಂಟೆಯಲ್ಲಿ ಜೂರಿಯವರು ಅಪರಾಧಿಯೆಂದು ಹೇಳಿದರು.

ತೀರ್ಪಿನ ನಂತರ ಮೋರ್ ಮನಸ್ಸು ಬಿಚ್ಚಿ ಮಾತಾಡಿದರು. ಯಾವ ಪಾರ್ಲಿಮೆಂಟೂ ಧರ್ಮಸಭೆಗೆ ರಾಜನನ್ನು ಶಿರಸ್ಸು ಮಾಡಲಾರದು ಎಂದರು. ಕಡೆಗೆ, ಸಂತ ಸ್ತೆಫಾನರನ್ನು ಕೊಂದಾಗ ಅಲ್ಲಿ ನಿಂತಿದ್ದ ಪೌಲರೂ ಈಗ ಅವರ ಜೊತೆ ಸ್ವರ್ಗದಲ್ಲಿದ್ದಾರೆ, ಹಾಗೆಯೇ ತನಗೆ ಶಿಕ್ಷೆ ಕೊಟ್ಟ ನೀವೂ ತಾನೂ ಅಲ್ಲಿ ಸಂತೋಷವಾಗಿ ಸೇರೋಣ ಎಂದು ಹಾರೈಸಿದರು. ಕರೆದೊಯ್ಯುವಾಗ ಟವರಿನ ಹತ್ತಿರ ಮಾರ್ಗರೆಟ್ ಈಟಿ ಹಿಡಿದ ಕಾವಲುಗಾರರ ನಡುವೆ ನುಗ್ಗಿ ತಂದೆಯನ್ನು ತಬ್ಬಿ ಮು‌ತ್ತಿಟ್ಟಳು. ಸ್ವಲ್ಪ ದೂರ ಹೋದವಳು ತಡೆಯಲಾರದೆ ಮತ್ತೆ ಓಡಿಬಂದು ಮತ್ತೆ ತಬ್ಬಿದಳು. ನೋಡಿದವರೆಲ್ಲಾ ಅತ್ತರು.

ಜುಲೈ 5ರಂದು ಇದ್ದಿಲಿನಲ್ಲಿ ಬರೆದ ಕೊನೆಯ ಕಾಗದದ ಜೊತೆ ಒಳಗಿನ ಆ ಒರಟು ಅಂಗಿಯನ್ನು ಮಗಳಿಗೆ ಕಳಿಸಿಬಿಟ್ಟರು. ಕೊಲ್ಲುವ ಸ್ಥಳದಲ್ಲೂ ಅದು ಯಾರ ಕಣ್ಣಿಗೂ ಬೀಳಬಾರದು. ಮಾರನೆಯ ದಿನ, ಜುಲೈ 6ರ ಬೆಳಿಗ್ಗೆ, ಅಲ್ಲಾಡುತ್ತಿದ್ದ ಏಣಿ ಹತ್ತುವಾಗ ಹತ್ತಲು ಕೈಕೊಡಿ, ಇಳಿಯುವುದನ್ನು ತಾನೇ ನೋಡಿಕೊಳ್ಳುವೆ ಎಂದು ಅಧಿಕಾರಿಗೆ ಹೇಳಿದರಂತೆ. ಹೆಚ್ಚು ಮಾತಾಡಬಾರದು ಅಂತ ರಾಜನ ಅಪ್ಪಣೆ ಇತ್ತು. ರಾಜನ ಒಳ್ಳೆಯ ಸೇವಕನಾಗಿಯೇ ಸಾಯುತ್ತಿದ್ದೇನೆ, ಆದರೆ ಮೊದಲು ದೇವರ ಸೇವಕ ಎಂಬರ್ಥದ ನಾಲ್ಕು ಮಾತಾಡಿ, ಕೊಲ್ಲುವವನಿಗೆ ಮುತ್ತಿಟ್ಟು ಧೈರ್ಯ ಹೇಳಿ, ಮಂಡಿಯೂರಿದರು.

ಪ್ರಮಾಣ ಮಾಡಿಸಿದವರ ಗತಿಯೂ ಒಂದೇ ಥರ ಆಗಲಿಲ್ಲ. ಆನ್ ಬೊಲಿನ್‌ಳ ತಲೆ 1536ರಲ್ಲಿ, ಕ್ರಾಮ್‌ವೆಲ್‌ನ ತಲೆ 1540ರಲ್ಲಿ ಅದೇ ರಾಜನ ಅಪ್ಪಣೆಯಿಂದ ಹೋಯಿತು. ಲ್ಯಾಟಿಮರ್ 1555ರಲ್ಲಿ, ಕ್ರ್ಯಾನ್ಮರ್ 1556ರಲ್ಲಿ ಮೇರಿ ರಾಣಿಯ ಕಾಲಕ್ಕೆ ತಮ್ಮ ನಂಬಿಕೆಗಾಗಿ ಬೆಂಕಿಯಲ್ಲಿ ಸತ್ತರು. ಅವರೂ ಕಡೆಗೆ ಎದೆಗುಂದಲಿಲ್ಲ ಅನ್ನುವುದನ್ನು ಹೇಳಲೇಬೇಕು. ರಿಚ್ ಮಾತ್ರ ಎಲ್ಲ ರಾಜರ ಕಾಲದಲ್ಲೂ ಗಾಳಿ ಬಂದ ಕಡೆ ತೂರಿಕೊಂಡು, ಚಾನ್ಸಲರೂ ಆಗಿ, ಹಾಸಿಗೆಯಲ್ಲೇ ಸತ್ತ.

ಥಾಮಸ್ ಮೋರ್ ಮತ್ತು ಜಾನ್ ಫಿಶರ್ ಇಬ್ಬರನ್ನೂ 1886ರಲ್ಲಿ ಧನ್ಯರೆಂದೂ 1935ರಲ್ಲಿ ಸಂತರೆಂದೂ ಧರ್ಮಸಭೆ ಸಾರಿತು. ಇಬ್ಬರ ಹಬ್ಬವೂ ಒಂದೇ ದಿನ, ಜೂನ್ 22. 2000ದಲ್ಲಿ ಮೋರ್ ಅವರನ್ನು ರಾಜಕಾರಣಿಗಳ, ಆಡಳಿತಗಾರರ ಪಾಲಕ ಸಂತರೆಂದು ಘೋಷಿಸಲಾಯಿತು.

ಅವರ ತಲೆಯನ್ನು ಲಂಡನ್ ಸೇತುವೆಯ ಮೇಲೆ ಕಂಬಕ್ಕೆ ಚುಚ್ಚಿ ಇಟ್ಟಿದ್ದರು. ಮಾರ್ಗರೆಟ್ ಕಾವಲಿನವನಿಗೆ ದುಡ್ಡು ಕೊಟ್ಟು ಅದನ್ನು ಇಳಿಸಿಕೊಂಡು 1544ರಲ್ಲಿ ತಾನು ಸಾಯುವವರೆಗೂ ಕಾಪಾಡಿದಳು. ಈಗ ಅದು ಕ್ಯಾಂಟರ್‌ಬರಿಯ ಸಂತ ಡನ್‌ಸ್ಟನ್ ದೇವಾಲಯದಲ್ಲಿ ರೋಪರ್ ಮನೆತನದ ಸಮಾಧಿಯೊಳಗಿದೆ. ಆ ಒರಟು ಅಂಗಿ ಸಾಕುಮಗಳು ಮಾರ್ಗರೆಟ್ ಗಿಗ್ಸ್‌ಳ ಕೈಸೇರಿ, ಅಲ್ಲಿಂದ ಸನ್ಯಾಸಿನಿಯರ ಮಠಕ್ಕೆ ಹೋಗಿ, ಕೈಯಿಂದ ಕೈಗೆ ದಾಟಿ ಉಳಿದುಬಂದಿದೆ. ಡೆವನ್ ಪ್ರಾಂತ್ಯದ ಬಕ್‌ಫಾಸ್ಟ್ ಮಠದಲ್ಲಿ, ಬಂದ ಯಾತ್ರಿಕರು ಅದನ್ನು ನೋಡಬಹುದು.